ಗಾಯದ ಪಟ್ಟಿ ಬರೆದಿಟ್ಟ ಟೇಪಣ್ಣ

ಅವರ ಬಲಗೈಯಲ್ಲಿ ಎರಡೇ ಬೆರಳು ಉಳಿದಿದ್ದವು, ಹೆಬ್ಬೆರಳು ಮತ್ತು ತೋರುಬೆರಳು. ಮಿಕ್ಕ ಮೂರು ತಗಡು ಒತ್ತುವ ಪವರ್ ಪ್ರೆಸ್ಸಿನ ಬಾಯಿಗೆ ಹೋಗಿದ್ದವು. ಬೆರಳಿದ್ದ ಜಾಗದಲ್ಲಿ ಚರ್ಮ ಗಂಟುಗಟ್ಟಿ, ಬೇಯಿಸಿ ಸುಲಿದ ಆಲೂಗಡ್ಡೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಆ ಎರಡು ಬೆರಳಲ್ಲೇ ಅವರು ಕಂಪ್ಯೂಟರಿನ ಗುಂಡಿಗಳನ್ನು ಕುಟ್ಟುತ್ತಿದ್ದರು. ಬೇರೆಯವರು ಒತ್ತುತ್ತಾರೆ, ಇವರು ಕುಟ್ಟುತ್ತಿದ್ದರು. ಆಚೆ ಕಸ ಗುಡಿಸುತ್ತಿದ್ದರೂ ಆ ಸದ್ದು ಕೇಳಿಯೇ ಇವತ್ತು ಅವರ ಕೋಪ ಎಷ್ಟಿದೆ ಎಂದು ನಾನು ಅಳೆಯುತ್ತಿದ್ದೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ತಗಡು ಕತ್ತರಿಸಿ ಬಗ್ಗಿಸುವ ಒಂದು ಕಾರ್ಖಾನೆಯಲ್ಲಿ ನಾನು ಗುಡಿಸುವ ಕೆಲಸಕ್ಕಿದ್ದೆ. ಅವರು ಮೊದಲು ಅಲ್ಲೇ ಪ್ರೆಸ್ ನಡೆಸುತ್ತಿದ್ದವರು. ಬೆರಳು ಹೋದ ಮೇಲೆ ಹಗುರ ಕೆಲಸ ಕೊಡುತ್ತೇವೆಂದು ಅವರನ್ನು ಹೊಸದಾಗಿ ಬಂದ ಕಂಪ್ಯೂಟರಿನ ಕೋಣೆಗೆ ಹಾಕಿದರು. ಬಾಗಿಲು ಕಾಯಲಿ ಎಂದು ಹಾಕಿದ್ದು. ಈ ಮನುಷ್ಯ ಬಾಗಿಲಲ್ಲಿ ಕೂತೇ ಒಳಗಿನ ವಿದ್ಯೆಯನ್ನೆಲ್ಲ ಕಲಿತುಬಿಟ್ಟರು. ಕಲಿಸಲು ಬಂದಿದ್ದ ಇಂಜಿನಿಯರು ಬೇರೆ ಕೆಲಸ ಹಿಡಿದು ಹೋದಾಗ ಆ ಯಂತ್ರದ ಮಾತು ತಿಳಿಯುವವರು ಇವರೊಬ್ಬರೇ ಉಳಿದಿದ್ದರು. ಎಲ್ಲರೂ ಅವರನ್ನು ಟೇಪಣ್ಣ ಎನ್ನುತ್ತಿದ್ದರು. ಯಾಕೆಂದರೆ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಟೇಪಿಗೆ ನಕಲು ತೆಗೆದಿಡುವುದು ಅವರಿಗೆ ಪೂಜೆಯಂತಾಗಿತ್ತು.

ಇದನ್ನು ಬರೆಯುವಾಗ ನನ್ನ ಮಗ್ಗುಲಲ್ಲಿ ಮೊಮ್ಮಗಳು ಮಲಗಿದ್ದಾಳೆ. ಹದಿನಾರು ದಿನದ ಕೂಸು. ನನ್ನ ಮಗಳಿಗೆ ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಹುಟ್ಟಿದವಳು. ದಾದಿ ಕೈಗಿಟ್ಟಾಗ ನಾನು ನಕ್ಕ ನಗುವಿಗೆ ಪಕ್ಕದ ಹಾಸಿಗೆಯ ಬಾಣಂತಿ ಬೆಚ್ಚಿ ಎದ್ದು ಕೂತಳಂತೆ. ಆವತ್ತಿನಿಂದ ನನ್ನ ಸಂತೋಷ ಮೈಯಲ್ಲಿ ಹಿಡಿಸುತ್ತಿಲ್ಲ. ಹಾಲಿನವನಿಗೆ ಹೇಳಿದೆ, ಬಸ್ಸಿನ ಕಂಡಕ್ಟರಿಗೆ ಹೇಳಿದೆ, ಗುರುತಿಲ್ಲದವರಿಗೂ ಹೇಳಿದೆ. ಎಲ್ಲರಿಗೂ ಹೇಳಿ ಮುಗಿದ ಮೇಲೂ ಇನ್ನೊಬ್ಬರಿಗೆ ಹೇಳುವುದು ಬಾಕಿ ಉಳಿದಿದೆ ಎನ್ನಿಸುತ್ತಿತ್ತು. ಯಾರಪ್ಪಾ ಎಂದು ಕೂತು ಯೋಚಿಸಿದರೆ ಅದು ಟೇಪಣ್ಣ. ಅವರಿಗೆ ಇನ್ನು ಹೇಳಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ತಪ್ಪಿದ್ದರೆ ನೀವೇ ತಿದ್ದಿ ಓದಿಕೊಳ್ಳಿ.

ನನಗೆ ಆ ಕಾರ್ಖಾನೆಯಲ್ಲಿ ಮೂರು ಹೆಸರಿದ್ದವು. ನಾವು ಅರವತ್ತು ಚಿಲ್ಲರೆ ಜನ ಒಬ್ಬ ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದೆವು. ವರ್ಷದಲ್ಲಿ ಇನ್ನೂರ ನಲವತ್ತು ದಿನ ಬಿಡದೆ ದುಡಿದವರು ಖಾಯಂ ಮಾಡಿ ಎಂದು ಕೇಳಬಹುದು ಎಂಬ ಮಾತು ನಮ್ಮ ಕಿವಿಗೂ ಬಿದ್ದಿತ್ತು. ಅದು ಗುತ್ತಿಗೆದಾರನಿಗೂ ಗೊತ್ತಿತ್ತು. ಅವನು ನಾಲ್ಕು ತಿಂಗಳಿಗೊಮ್ಮೆ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರು ಬದಲಾಯಿಸಿಬಿಡುತ್ತಿದ್ದ. ಜನವರಿಯಲ್ಲಿ ನಾನು ರತ್ನಮ್ಮ, ಮೇ ತಿಂಗಳಲ್ಲಿ ಪುಟ್ಟಮ್ಮ, ಸೆಪ್ಟೆಂಬರಿಗೆ ಸಾವಿತ್ರಿ. ಹೀಗಾಗಿ ಪುಸ್ತಕದ ಪ್ರಕಾರ ಯಾರೂ ಇನ್ನೂರ ನಲವತ್ತು ದಿನ ಮುಟ್ಟುತ್ತಲೇ ಇರಲಿಲ್ಲ. ಒಂದು ದಿನ ತಪ್ಪಿದರೂ ಎಲ್ಲ ಹೋಯಿತೆಂದು ನಾವು ಜ್ವರದಲ್ಲೂ ಗೇಟಿಗೆ ಓಡುತ್ತಿದ್ದೆವು. ನನ್ನ ಗೆಳತಿ ಒಬ್ಬಳು ಗರ್ಭ ಇಳಿದು ಮೂರನೇ ದಿನಕ್ಕೆ ರಕ್ತ ಸೋರುತ್ತಲೇ ಬಂದು ತಗಡು ಹೊತ್ತಳು.

ಗುತ್ತಿಗೆದಾರ ಮಾಡಿದ ಒಂದೇ ಸೋಮಾರಿತನವೆಂದರೆ ಹಿತ್ತಾಳೆಯ ಟೋಕನ್ನು ಬದಲಾಯಿಸದೆ ಇದ್ದದ್ದು. ಗೇಟಿನ ಹಲಗೆಯಿಂದ ಟೋಕನ್ ತೆಗೆದುಕೊಂಡು ಒಳಗೆ ಹೋಗಬೇಕು. ಹೆಸರು ಯಾವುದಾದರೂ ನನ್ನದು ಎಂಬತ್ತಮೂರೇ.

ಇದನ್ನು ಹಿಡಿದವರು ಟೇಪಣ್ಣ. ಒಂದು ದಿನ ಕೋಣೆ ಒರೆಸುವಾಗ ಕರೆದು ತೋರಿಸಿದರು.

"ನೋಡು, ಇದರೊಳಗೆ ಪುಸ್ತಕಗಳು ಬೇರೆ ಬೇರೆ ಇವೆ. ಒಂದರಲ್ಲಿ ಹೆಸರು. ಇನ್ನೊಂದರಲ್ಲಿ ಗೇಟಿನ ಹಾಜರಿ. ಮತ್ತೊಂದರಲ್ಲಿ ಗಾಯ. ಎಲ್ಲಕ್ಕೂ ಟೋಕನ್ ನಂಬರೇ ದಾರ. ದಾರ ಹಿಡಿದು ಎಳೆದ್ರೆ ಎಲ್ಲಾ ಪುಸ್ತಕದಿಂದ ನಿಂದು ಮಾತ್ರ ಹೊರಗೆ ಬರ್ತದೆ."

"ಗಾಯದ ಪುಸ್ತಕ ಯಾಕಣ್ಣ? ಅದು ದವಾಖಾನೆ ಕೋಣೆಯಲ್ಲಿದೆಯಲ್ಲ?"

"ಅದನ್ನ ಬರೀರಿ ಅಂತ ಯಾರೂ ನಂಗೆ ಹೇಳಿಲ್ಲ. ನಾನೇ ಬರೀತಿದೀನಿ." ತಮ್ಮ ಕೈಯನ್ನು ನನ್ನ ಮುಖದ ಮುಂದೆ ಹಿಡಿದರು. "ನನ್ನ ಬೆರಳು ಹೋದ ದಿನ ಏನು ಬರೆದ್ರು ಗೊತ್ತಾ? ‘ಸಣ್ಣ ತರಚು ಗಾಯ’ ಅಂತ. ಬೆರಳು ನೆಲದ ಮೇಲೆ ಬಿದ್ದಿದ್ವು, ಬೆಕ್ಕು ಮೂಸಿ ನೋಡ್ತಿತ್ತು."

ಹೇಳಿ ನಕ್ಕರು. ಅವರ ನಗುವೂ ಏಟು ಹೊಡೆದ ಹಾಗೇ ಇರುತ್ತಿತ್ತು.

ಅವರ ಶನಿವಾರದ ಪದ್ಧತಿ ನೋಡಿದವರಿಗೆ ಎದೆ ನಡುಗುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಎಲ್ಲವನ್ನೂ ಎರಡು ಟೇಪಿಗೆ ನಕಲು ತೆಗೆಯುತ್ತಿದ್ದರು. ಟೇಪೆಂದರೆ ದಪ್ಪ ಪಂಚಾಂಗದಷ್ಟು ದೊಡ್ಡದು, ತಳಕ್ಕೆ ತಗಡಿನ ಹಲಗೆ. ಆಮೇಲೆ ನನ್ನ ಕಡೆ ತಿರುಗಿ, "ಇವತ್ತು ಯಾರನ್ನ ಸಾಯಿಸೋಣ ಹೇಳು. ಹೆಸರಾ, ಗೇಟಾ, ಗಾಯನಾ?" ಎಂದು ಕೇಳುತ್ತಿದ್ದರು. ನಾನು ಹೆದರಿ ಒಂದನ್ನು ಹೇಳುತ್ತಿದ್ದೆ. ಅವರು ಆ ಪುಸ್ತಕವನ್ನು ಯಂತ್ರದೊಳಗಿಂದ ನಿಜವಾಗಿಯೂ ಅಳಿಸಿಬಿಡುತ್ತಿದ್ದರು. ಇಡೀ ಕಾರ್ಖಾನೆಯ ಹಾಜರಿ ಒಂದು ಕ್ಷಣದಲ್ಲಿ ಇಲ್ಲ. ಗುಮಾಸ್ತರು ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದರು. ಆಮೇಲೆ ಟೇಪು ಹಾಕಿ, ಅದು ಗರಗರ ತಿರುಗಿ, ಸತ್ತದ್ದು ಸಾಲು ಸಾಲಾಗಿ ಎದ್ದು ಬರುವವರೆಗೂ ಯಾರನ್ನೂ ಮಾತಾಡಗೊಡುತ್ತಿರಲಿಲ್ಲ.

"ತೆಗೆದಿಟ್ರೆ ಕೆಲಸ ಅರ್ಧ ಆಯ್ತು. ವಾಪಸ್ ಎದ್ದು ಬಂದ್ರೆ ಮಾತ್ರ ಪೂರ್ತಿ," ಎನ್ನುತ್ತಿದ್ದರು. "ಎದ್ದು ಬರದೇ ಇರೋ ನಕಲು ಬೀರುವಿನಲ್ಲಿಟ್ಟ ಹೆಣ."

ಇಂಥವರ ಟೇಪನ್ನು ನಾನು ಕೆಡಿಸಿದೆ.

ಆಯುಧಪೂಜೆಯ ದಿನ ಕಾರ್ಖಾನೆಯ ಎಲ್ಲ ಯಂತ್ರಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ನಾನು ಬೆಳಿಗ್ಗೆ ಬೇಗ ಬಂದು ಕಂಪ್ಯೂಟರಿಗೂ ಇಟ್ಟೆ. ಟೇಪುಗಳೂ ಪಾಪ ದುಡಿಯುತ್ತವಲ್ಲ ಎಂದುಕೊಂಡು ಬೀರುವಿನಲ್ಲಿದ್ದ ಮೂರನ್ನೂ, ಆ ವಾರದ ಎರಡು, ಹಳೆಯದೊಂದು, ತೆಗೆದೆ. ಪುಟ್ಟ ಬಾಗಿಲು ತೆರೆದು, ಒಳಗಿನ ಕಂದು ಪಟ್ಟಿಗೆ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಕಣ್ಣಿಗೊತ್ತಿಕೊಂಡು ಮತ್ತೆ ಇಟ್ಟೆ. ಮುಂದಿನ ಶನಿವಾರ ಟೇಪು ಒಳಗೆ ಹೋಗಿದ್ದೇ ತಡ, ಯಂತ್ರ ಕಿರುಚಿತು. ಮೂರೂ ಹಾಳು.

"ಯಾರೇ ಇದಕ್ಕೆ ಕುಂಕುಮ ಇಟ್ಟಿದ್ದು?"

"ನಾನೇ ಅಣ್ಣ. ಎಲ್ಲಾ ಮಿಷಿನ್ನಿಗೂ ಇಡ್ತಾರಲ್ಲ, ಇದಕ್ಕೂ ಒಳ್ಳೇದಾಗ್ಲಿ ಅಂತ."

"ಒಳ್ಳೇದಾಯ್ತು. ಮೂರೂ ಮುತ್ತೈದೆಯಾಗಿ ಸತ್ತೋದ್ವು."

ಇಷ್ಟು ಹೇಳಿ ಕೈಗೆ ಸಿಕ್ಕ ಕಬ್ಬಿಣದ ಸ್ಟೂಲನ್ನು ಎತ್ತಿ ಗೋಡೆಗೆ ಬೀಸಿದರು. ನನ್ನ ತಲೆಯಿಂದ ಒಂದು ಮಾರು ದೂರದಲ್ಲಿ ಗಾರೆ ಉದುರಿತು. ನಾನು ಉಚ್ಚೆ ಹೊಯ್ದುಕೊಳ್ಳುವುದೊಂದು ಬಾಕಿ. ಸೋಮವಾರ ಇನ್ನು ಕೆಲಸ ಇರುವುದಿಲ್ಲ ಎಂದುಕೊಂಡೇ ಬಂದೆ. ಅವರು ಹೊಸ ಟೇಪೊಂದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಊಟದ ಚೀಲಕ್ಕೆ ಹಾಕಿದರು.

"ಮೂರೂ ಒಂದೇ ಬೀರುವಿನಲ್ಲಿ ಇಟ್ಟಿದ್ದು ನನ್ನ ತಪ್ಪು. ಒಂದು ಈ ಕಟ್ಟಡದ ಆಚೆ ಇರ್ಬೇಕು. ಕೆಡಿಸಿದವಳು ನೀನಲ್ವಾ, ನೀನೇ ಕಾಯಿ. ರೇಡಿಯೋ ಪಕ್ಕ ಇಡ್ಬೇಡ. ಬಿಸಿಲಿಗೆ ಇಡ್ಬೇಡ. ದೇವರ ಗೂಡಲ್ಲಂತೂ ಇಡ್ಲೇ ಬೇಡ."

ಅಂದಿನಿಂದ ಪ್ರತಿ ಶನಿವಾರ ಹೊಸ ಟೇಪು ನನ್ನ ಜೊತೆ ಲಗ್ಗೆರೆಯ ಮನೆಗೆ ಬರುತ್ತಿತ್ತು, ಹಳೆಯದು ವಾಪಸಾಗುತ್ತಿತ್ತು. ಮನೆಯಲ್ಲಿ ರಾಗಿ ಡಬ್ಬದೊಳಗೆ ಹೂತಿಡುತ್ತಿದ್ದೆ. ಟೇಪಿನ ಮೂಲೆಯಲ್ಲಿ ಬಾಣದ ಗುರುತಿದ್ದ ಒಂದು ಪುಟ್ಟ ತಿರುಪು ಇತ್ತು. ಬಾಣ ಒಂದು ಕಡೆಗಿದ್ದರೆ ಟೇಪಿನ ಮೇಲೆ ಬರೆಯಬಹುದು. ಇನ್ನೊಂದು ಕಡೆಗೆ ತಿರುಗಿಸಿದರೆ ಓದಲು ಮಾತ್ರ ಬರುತ್ತದೆ, ಯಾರೂ ಅದರ ಮೇಲೆ ಬರೆದು ಕೆಡಿಸಲಾಗದು. ನಾಲ್ಕಾಣೆ ಬಿಲ್ಲೆಯಲ್ಲಿ ಅದನ್ನು ತಿರುಗಿಸಿ ಭದ್ರ ಮಾಡುವ ಕೆಲಸವನ್ನೂ ನನಗೇ ಕೊಟ್ಟರು.

ಆ ವರ್ಷ ಕಳೆದು ಬೇಸಿಗೆಗೆ ನಾವೆಲ್ಲ ಸೇರಿ ಖಾಯಂ ಮಾಡಬೇಕೆಂದು ಕಾರ್ಮಿಕ ಅಧಿಕಾರಿಗೆ ಅರ್ಜಿ ಹಾಕಿದೆವು. ಸಾಕ್ಷಿ ಏನು ಎಂದರೆ ಕಂಪ್ಯೂಟರಿನಲ್ಲಿದೆ ಎಂದು ಬರೆಸಿದೆವು. ಅದೇ ನಾವು ಮಾಡಿದ ತಪ್ಪು. ಸಾಕ್ಷಿ ಎಲ್ಲಿದೆ ಎಂದು ನಾವೇ ದಾರಿ ತೋರಿಸಿದ ಹಾಗಾಯಿತು.

ನಾಲ್ಕನೇ ದಿನ, ಊಟದ ಗಂಟೆ ಹೊಡೆದ ಮೇಲೆ, ಗುತ್ತಿಗೆದಾರನ ಕಡೆಯವರು ಎಂಟು ಜನ ಬಂದರು. ಸೈಕಲ್ ಚೈನು, ಕಬ್ಬಿಣದ ರಾಡು, ಸೋಡಾ ಬಾಟಲು. ಕಾವಲುಗಾರ ಗೇಟು ತೆರೆದು ಪಕ್ಕಕ್ಕೆ ನಿಂತ. ಅವರು ಮೊದಲು ಹಾಜರಿ ಪುಸ್ತಕ, ದವಾಖಾನೆಯ ಪುಸ್ತಕ ಎಲ್ಲವನ್ನೂ ಅಂಗಳಕ್ಕೆ ಎಸೆದು ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದರು. ಆಮೇಲೆ ಕಂಪ್ಯೂಟರಿನ ಕೋಣೆಗೆ ನುಗ್ಗಿದರು. ನಾನು ಅಲ್ಲೇ ಇದ್ದೆ. ಟೇಪಣ್ಣ ಊಟದ ಡಬ್ಬಿ ತೆರೆದಿದ್ದರು.

ಮೊದಲ ಏಟಿಗೆ ಪರದೆಯ ಗಾಜು ಸಿಡಿದು ನನ್ನ ಕೆನ್ನೆಗೆ ಚುಚ್ಚಿತು. ಎರಡನೇ ಏಟು ಯಂತ್ರಕ್ಕೆ. ಮೂರನೆಯದು ಟೇಪಣ್ಣನ ನೆತ್ತಿಗೆ. ರಕ್ತ ಹುಬ್ಬಿನಿಂದ ಇಳಿದು ಚಿತ್ರಾನ್ನದ ಮೇಲೆ ತೊಟ್ಟಿಕ್ಕಿತು. ಬೀರುವಿನ ಟೇಪುಗಳನ್ನು ಒಬ್ಬ ಕಿತ್ತು ಬೆಂಕಿಗೆ ಎಸೆದು ಬಂದ. ಅವರಲ್ಲಿ ದೊಡ್ಡವನಂತಿದ್ದವನು ಟೇಪಣ್ಣನ ಎಡಗೈಯನ್ನು, ಅಂದರೆ ಐದು ಬೆರಳೂ ಇದ್ದ ಕೈಯನ್ನು, ಕಬ್ಬಿಣದ ಬೀರುವಿನ ಸಂದಿಯಲ್ಲಿಟ್ಟು ಬಾಗಿಲು ಹಿಡಿದುಕೊಂಡ.

"ಇನ್ನೊಂದು ಎಲ್ಲಿಟ್ಟಿದೀಯ, ಗುರು?"

"ಇದ್ದಿದ್ದೆಲ್ಲಾ ಸುಟ್ರಲ್ಲಪ್ಪಾ."

ಬಾಗಿಲು ಬಡಿಯಿತು. ಒಣ ಸೌದೆ ಮುರಿದ ಹಾಗೆ ಸದ್ದಾಯಿತು.

"ಇನ್ನೊಂದು?"

"ಇಲ್ಲ."

ಮತ್ತೆ ಬಡಿಯಿತು. ಟೇಪಣ್ಣ ಕೂಗಲಿಲ್ಲ, ಹಸುವಿನ ಹಾಗೆ ಮುಲುಗಿದರು. ನನಗೆ ತಡೆಯಲಾಗಲಿಲ್ಲ. ನಮ್ಮ ಖಾಯಂ ಮಣ್ಣಾಗಲಿ, ಈ ಮನುಷ್ಯನ ಕೈ ಉಳಿಯಲಿ, ರಾಗಿ ಡಬ್ಬದಲ್ಲಿದೆ ಎಂದು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವರು ನನ್ನ ಮುಖ ನೋಡಿದರು. ನೋಡಿದವರೇ ಕೆಟ್ಟದಾಗಿ ಅರಚಿದರು.

"ಏಯ್ ಕಸದವಳೇ, ಇಲ್ಲೇನ್ ನೋಡ್ತಿದೀಯೆ? ಬಾಯಿ ಮುಚ್ಕೊಂಡು ಆಚೆ ಹೋಗೇ."

ಒಂದು ದಿನವೂ ನನ್ನನ್ನು ಹಾಗೆ ಕರೆದವರಲ್ಲ. ದೊಡ್ಡವನಿಗೆ ನಗು ಬಂತು. "ಹೋಗಮ್ಮಾ, ಸಾಹೇಬ್ರಿಗೆ ಮರ್ಯಾದೆ ಹೋಗ್ತಿದೆ," ಎಂದು ನನ್ನ ಸೊಂಟಕ್ಕೆ ಒದ್ದ. ನಾನು ಹೊಸಿಲಾಚೆ ಬಿದ್ದೆ. ಎದ್ದು ಹೊರಗೆ ಓಡುವಾಗ ಬೆನ್ನ ಹಿಂದೆ ಬಾಗಿಲು ಮೂರನೆಯ ಸಲ ಬಡಿಯಿತು.

ಕೂಸು ಈಗಷ್ಟೇ ಆಕಳಿಸಿತು. ಇಷ್ಟು ಚೆಂದದ ಬಾಯಿಯ ಪಕ್ಕದಲ್ಲಿ ಕೂತು ಇಂಥದನ್ನು ಬರೆಯುವುದಾ ಎಂದು ಪೆನ್ನು ಕೆಳಗಿಟ್ಟೆ. ಅದರ ಕಾಲಿಗೆ ಎರಡು ಮುತ್ತು ಕೊಟ್ಟು ಮತ್ತೆ ಪೆನ್ನು ಎತ್ತಿಕೊಂಡಿದ್ದೇನೆ.

ಕೆನ್ನೆಯ ರಕ್ತ ಸೆರಗಿಗೆ ಒರೆಸಿಕೊಂಡು ಲಗ್ಗೆರೆಗೆ ಹೋದರೆ ರಾಗಿ ಡಬ್ಬವೇ ಇಲ್ಲ. ನನ್ನ ಅತ್ತೆ ಹಿಟ್ಟು ಮಾಡಿಸಲು ಡಬ್ಬದ ಸಮೇತ ಗಿರಣಿಗೆ ಕೊಟ್ಟುಬಂದಿದ್ದರು. ಗಿರಣಿಗೆ ಓಡಿದೆ. ಗಿರಣಿಯವನು ಮೈಯೆಲ್ಲ ಹಿಟ್ಟಾಗಿ ನಿಂತಿದ್ದ.

"ಏನಕ್ಕಾ, ರಾಗಿಯೊಳಗೆ ಕ್ಯಾಸೆಟ್ ಬಿತ್ತಿದ್ರಾ? ಇನ್ನೊಂಚೂರಾಗಿದ್ರೆ ಕಲ್ಲಿಗೆ ಹೋಗ್ತಿತ್ತು."

ಟೇಪನ್ನು ಅವನು ಮೋಟಾರಿನ ಮೇಲಿನ ಹಲಗೆಯಲ್ಲಿ ಇಟ್ಟಿದ್ದ. ರೇಡಿಯೋ ಪಕ್ಕವೇ ಬೇಡ ಎಂದಿದ್ದರು ಟೇಪಣ್ಣ. ಇದೋ, ಮನೆ ನಡುಗಿಸುವ ಮೋಟಾರು. ಯಾಕೆ ಬೇಡ ಎಂದು ಅವರು ಹೇಳಿದ್ದರು: ಸ್ಪೀಕರಿನಲ್ಲಿ, ಮೋಟಾರಿನಲ್ಲಿ ಅಯಸ್ಕಾಂತ ಇರುತ್ತದೆ, ಅದು ಟೇಪಿನ ಮೇಲೆ ಬರೆದದ್ದನ್ನು ಅಳಿಸಿಬಿಡಬಹುದು. ಹೊರಗಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ನಾನು ಅದನ್ನು ಎದೆಗವಚಿಕೊಂಡು ಗಿರಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮೂರು ವಾರದ ಮೇಲೆ ಕಾರ್ಮಿಕ ಅಧಿಕಾರಿ, ಅಂಥದೇ ಯಂತ್ರವಿದ್ದ ಬೇರೊಂದು ಕಚೇರಿಯಲ್ಲಿ ಎಲ್ಲರನ್ನೂ ಕೂರಿಸಿದರು. ಟೇಪಣ್ಣ ತಲೆಗೆ ಪಟ್ಟಿ, ಎಡಗೈಗೆ ಹೆಗಲವರೆಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದಿದ್ದರು. ಗಿರಣಿಯ ಸಂಗತಿ ಕಿವಿಯಲ್ಲಿ ಹೇಳಿದೆ. "ಎದ್ದು ಬಂದ್ರೆ ಬಂತು," ಎಂದರು, ಅಷ್ಟೇ.

ಆ ಕಚೇರಿಯ ಆಪರೇಟರು ಟೇಪು ತೆಗೆದುಕೊಂಡು, "ಇದು ಲಾಕ್ ಆಗಿದೆ ಸಾರ್," ಎಂದು ಸ್ಕ್ರೂಡ್ರೈವರಿನಲ್ಲಿ ಬಾಣವನ್ನು ತಿರುಗಿಸಿದ. ತಿಳಿಯದೆ ಮಾಡಿದನೋ, ಯಾರಾದರೂ ಹೇಳಿಕೊಟ್ಟಿದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಈಗ ಒಂದು ಗುಂಡಿ ತಪ್ಪಿ ಒತ್ತಿದರೂ ಖಾಲಿ ಯಂತ್ರದ ಖಾಲಿತನವೇ ನಮ್ಮ ಟೇಪಿನ ಮೇಲೆ ಬರೆದುಕೊಳ್ಳುತ್ತಿತ್ತು. ಟೇಪಣ್ಣನಿಗೆ ಎಡಗೈ ಎತ್ತಲಾಗುವುದಿಲ್ಲ, ಎರಡೇ ಬೆರಳಿನ ಬಲಗೈಯಲ್ಲಿ ಟೇಪು ಕಿತ್ತುಕೊಳ್ಳಲಾಗುವುದಿಲ್ಲ. ಕಾಲೆತ್ತಿ ಆಪರೇಟರು ಕೂತಿದ್ದ ಕುರ್ಚಿಗೆ ಒದ್ದರು. ಅವನು ಕುರ್ಚಿ ಸಮೇತ ಉರುಳಿ ಮೇಜಿನ ಕಾಲಿಗೆ ಹಣೆ ಬಡಿಸಿಕೊಂಡ.

"ಏನ್ರೀ ಇದು ರೌಡಿತನ?" ಅಧಿಕಾರಿ ಎದ್ದು ನಿಂತರು.

"ತಪ್ಪಾಯ್ತು ಸಾರ್. ಟೇಪು ಅವಳ ಕೈಗೆ ಕೊಡಿ ಸಾರ್. ಆ ಬಾಣ ಯಾವ ಕಡೆ ಇರ್ಬೇಕು ಅಂತ ಅವಳಿಗೆ ಗೊತ್ತು."

ನಾಲ್ಕಾಣೆ ಕೈತಪ್ಪಿ ಎರಡು ಸಲ ಬಿತ್ತು. ಬಾಣವನ್ನು ಮತ್ತೆ ಭದ್ರದ ಕಡೆಗೆ ತಿರುಗಿಸಿ ಕೊಟ್ಟೆ. ಟೇಪಣ್ಣ ಎರಡು ಬೆರಳಲ್ಲಿ ಕುಟ್ಟಿದರು. ಯಂತ್ರ ಗರಗರ ಎಂದಿತು, ನಿಂತಿತು, ಮತ್ತೆ ಎಂದಿತು. ಪರದೆ ಕಪ್ಪಗೇ ಇತ್ತು. ಆಮೇಲೆ ಒಂದು ಸಾಲು ಬಂತು. ಇನ್ನೊಂದು. ಹೆಸರು ಬಂತು, ಗೇಟು ಬಂತು, ಕೊನೆಗೆ ಗಾಯವೂ ಬಂತು.

ಗುತ್ತಿಗೆದಾರನ ವಕೀಲರು ಸುಮ್ಮನಿರಲಿಲ್ಲ. ಟೋಕನ್ ಒಂದೇ ಇರಬಹುದು, ಆದರೆ ಬೇರೆ ಬೇರೆ ಹೆಂಗಸರಿಗೆ ಕೊಟ್ಟದ್ದು ಎಂದರು. ರತ್ನಮ್ಮನೇ ಬೇರೆ, ಪುಟ್ಟಮ್ಮನೇ ಬೇರೆ ಎಂದರು. ಟೇಪಣ್ಣ ದಾರ ಹಿಡಿದು ಎಳೆದ ಹಾಗೆ ಎಂಬತ್ತಮೂರನ್ನು ಎಳೆದರು. ಅಧಿಕಾರಿ ಕನ್ನಡಕ ಏರಿಸಿ ಓದಿದರು. ಫೆಬ್ರವರಿ, ರತ್ನಮ್ಮ, ತಗಡಿನ ಚೂರು ಸೀಳಿ ಬಲ ಮುಂಗೈಗೆ ಹನ್ನೊಂದು ಹೊಲಿಗೆ. ಜೂನ್, ಪುಟ್ಟಮ್ಮ, ಬಲ ಮುಂಗೈಯ ಹಳೆಯ ಹೊಲಿಗೆ ಕೀವಾಗಿದೆ. ನವೆಂಬರ್, ಸಾವಿತ್ರಿ, ಬಲ ಮುಂಗೈಯ ಹನ್ನೊಂದು ಹೊಲಿಗೆಯ ಕಲೆಯ ಮೇಲೆ ಮತ್ತೆ ಏಟು.

"ವಕೀಲರೇ, ಮೂರು ಹೆಂಗಸರಿಗೂ ಒಂದೇ ಜಾಗದಲ್ಲಿ ಹನ್ನೊಂದು ಹೊಲಿಗೇನಾ?"

ನಾನು ಬಳೆ ಮೇಲಕ್ಕೆ ಸರಿಸಿ ಬಲಗೈಯನ್ನು ಮೇಜಿನ ಮೇಲಿಟ್ಟೆ. ಅಧಿಕಾರಿ ಪೆನ್ನಿನ ತುದಿಯಲ್ಲಿ ಒಂದೊಂದೇ ಹೊಲಿಗೆ ಎಣಿಸಿದರು. ನನ್ನ ಹಿಂದೆ ನಿಂತಿದ್ದವರು ತಾವಾಗಿಯೇ ಸಾಲು ಹಿಡಿದರು. ಒಬ್ಬ ಅಂಗಿ ಬಿಚ್ಚಿ ಬೆನ್ನು ತೋರಿಸಿದ. ಒಬ್ಬ ಚಪ್ಪಲಿ ಬಿಟ್ಟು ಇಲ್ಲದ ಕಿರುಬೆರಳು ತೋರಿಸಿದ. ಗಂಡಸರ ಮುಂದೆ ಸೆರಗು ಸರಿಸದ ನನ್ನ ಗೆಳತಿ ಕುತ್ತಿಗೆಯ ಸುಟ್ಟ ಕಲೆ ತೋರಿಸಿದಳು. ಸಂಜೆಯವರೆಗೂ ಆ ಕೋಣೆಯಲ್ಲಿ ಗಾಯ ಓದುವುದು, ಗಾಯ ತೋರಿಸುವುದು, ಅಷ್ಟೇ ನಡೆಯಿತು.

ನಾವೆಲ್ಲ ಖಾಯಂ ಆದೆವು. ಆದೇಶದ ಕಾಗದದಲ್ಲಿ ಆ ಮೂರೂ ಅಲ್ಲದ, ನನ್ನ ತಾಯಿ ಇಟ್ಟ ಹೆಸರು ಅಚ್ಚಾಗಿತ್ತು. ಟೇಪಣ್ಣನನ್ನು ಮಾತ್ರ ಕೆಲಸದಿಂದ ತೆಗೆದರು. ಕಂಪನಿಯ ಸ್ವತ್ತಾದ ಟೇಪನ್ನು ಗೇಟಿನಾಚೆ ಸಾಗಿಸಿದ್ದು ಅಪರಾಧವಂತೆ. ನಾನು ಗೋವಿಂದರಾಜನಗರದ ಅವರ ಬಾಡಿಗೆ ಮನೆಗೆ ಓಡಿದೆ.

"ಅಣ್ಣ, ನಾನೇ ಕದ್ದೆ ಅಂತ ಬರೆದುಕೊಡ್ತೀನಿ. ನಿಮಗೆ ಕೆಲಸ ವಾಪಸ್ ಸಿಗ್ತದೆ."

"ಈಗ ತಾನೇ ನಿಂಗೊಂದು ಹೆಸರಾಗಿದೆ. ಅದರ ಪಕ್ಕ ಕಳ್ಳಿ ಅಂತ ಬರೆಸ್ಕೋಬೇಡ. ಹೋಗು, ಡ್ಯೂಟಿಗೆ ಲೇಟಾಗ್ತದೆ."

ನೆತ್ತಿಗೆ ಬಿದ್ದ ಏಟು ಅವರನ್ನು ಬಿಡಲಿಲ್ಲ. ಫಿಟ್ಸ್ ಬರತೊಡಗಿತು. ಎರಡನೇ ವರ್ಷ ಒಂದು ಮಂಗಳವಾರ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದವರು ಏಳಲಿಲ್ಲ. ಸುದ್ದಿ ಕಾರ್ಖಾನೆಯ ಗೇಟಿಗೆ ಮುಟ್ಟಿದಾಗ ಎಂಟು ಗಂಟೆಯ ಪಾಳಿಗೆ ನಾವೆಲ್ಲ ಸಾಲಾಗಿ ನಿಂತಿದ್ದೆವು. ಯಾರೂ ಯಾರನ್ನೂ ಕೇಳಲಿಲ್ಲ. ಸೂಪರ್‌ವೈಜರು ಗೈರುಹಾಜರಿ ಹಾಕುತ್ತೇನೆ, ಒಬ್ಬೊಬ್ಬರಿಗೂ ಹಾಕುತ್ತೇನೆ ಎಂದು ಕೂಗುತ್ತಲೇ ಇದ್ದರು. ರಕ್ತ ಸೋರುತ್ತಿದ್ದಾಗಲೂ ಒಂದು ದಿನ ಬಿಡದಿದ್ದ ನನ್ನ ಗೆಳತಿ ಮೊದಲು ಸಾಲು ಬಿಟ್ಟು ಗೋವಿಂದರಾಜನಗರದ ಕಡೆ ಹೊರಟಳು. ಆಮೇಲೆ ನಾನು. ಆಮೇಲೆ ಎಲ್ಲರೂ. ಅರವತ್ತು ಚಿಲ್ಲರೆ ಟೋಕನ್ನುಗಳು ಅವತ್ತು ಇಡೀ ದಿನ ಗೇಟಿನ ಹಲಗೆಯ ಮೇಲೇ ನೇತಾಡುತ್ತಿದ್ದವಂತೆ.